ಸಮಾನರ ನಡುವಿನ ಕಿಚ್ಚು: ಪುಣೆಯ ಕ್ರೈಸ್ತ ಪರಂಪರೆಯಲ್ಲಿ ಅಸೂಯೆಯ ವಿಚಾರ

ಅಸೂಯೆಯನ್ನು ಕುರಿತು ಕ್ರೈಸ್ತ ಚಿಂತಕರು ಶತಮಾನಗಳಿಂದ ಬರೆದಿರುವುದರಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಈ ಕಿಚ್ಚು ದೂರದವರ ಮೇಲೆ ಹತ್ತುವುದಿಲ್ಲ, ಪಕ್ಕದವರ ಮೇಲೆ ಹತ್ತುತ್ತದೆ. ಅರಸನ ಅರಮನೆಯನ್ನು ಕಂಡು ಗುಮಾಸ್ತನೊಬ್ಬನು ಬೆರಗಾಗಬಹುದು, ಬೈಯಬಹುದು, ಆದರೆ ಅವನ ರಾತ್ರಿಯ ನಿದ್ದೆಯನ್ನು ಕೆಡಿಸುವುದು ಅದೇ ಕಚೇರಿಯಲ್ಲಿ, ಅದೇ ಸಂಬಳಕ್ಕೆ, ಅದೇ ವರ್ಷ ಸೇರಿದ ಇನ್ನೊಬ್ಬ ಗುಮಾಸ್ತನಿಗೆ ದೊರೆತ ಬಡ್ತಿ. ಗ್ರೀಸಿನ ಅರಿಸ್ಟಾಟಲ್ ಮೊದಲು ಗುರುತಿಸಿದ ಈ ಸಂಗತಿಯನ್ನು 13ನೇ ಶತಮಾನದ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವೈನಾಸ್ ಎತ್ತಿಕೊಂಡು, ಅಸೂಯೆಯೆಂದರೆ ಇತರರಿಗಾದ ಒಳಿತನ್ನು ತನಗಾದ ಕೇಡೆಂದು ಎಣಿಸಿ ಪಡುವ ದುಃಖ ಎಂದು ವಿವರಿಸಿದನು. ಈ ವಿವರಣೆಯಲ್ಲಿ ಗಮನಿಸಬೇಕಾದದ್ದು, ಅಸೂಯೆಯನ್ನು ಅವನು ಸಿಟ್ಟಿನ ಜಾತಿಗೆ ಸೇರಿಸದೆ ದುಃಖದ ಜಾತಿಗೆ ಸೇರಿಸಿದ್ದಾನೆ ಎಂಬುದು. ಹೊಟ್ಟೆಕಿಚ್ಚಿನವನು ನೋಡುವವರಿಗೆ ಕ್ರೂರಿಯಾಗಿ ಕಂಡರೂ ಒಳಗೆ ಕೊರಗುತ್ತಿರುವ ರೋಗಿಯೇ ಆಗಿರುತ್ತಾನೆ.

ಕನ್ನಡದ ಓದುಗರಿಗೆ ಮತ್ಸರವು ಅರಿಷಡ್ವರ್ಗದ ಕೊನೆಯ ಶತ್ರುವಾಗಿ ಪರಿಚಿತ. ಕ್ರೈಸ್ತ ಪರಂಪರೆಯಲ್ಲಿಯೂ ಇಂಥದೊಂದು ಪಟ್ಟಿಯಿದೆ. ಬೇರೆ ಅನೇಕ ಪಾಪಗಳನ್ನು ಹುಟ್ಟಿಸುವುದರಿಂದ ಮೂಲಪಾಪಗಳೆಂದು ಹೇಳಬಹುದಾದ ಏಳು ದುರ್ಗುಣಗಳ ಆ ಪಟ್ಟಿಗೆ ಅಸೂಯೆಯು ಸೇರಿದ್ದು ಸ್ವಲ್ಪ ತಡವಾಗಿ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳಿಗಾಗಿ ಇವಾಗ್ರಿಯಸ್ ಎಂಬಾತನು ಎಂಟು ಕೆಟ್ಟ ಯೋಚನೆಗಳನ್ನು ಎಣಿಸಿದಾಗ ಅಸೂಯೆಯನ್ನು ಬೇರೆಯಾಗಿ ಹೆಸರಿಸಲಿಲ್ಲ, ಬಹುಶಃ ಗುಹೆಯಲ್ಲಿ ಒಬ್ಬನೇ ಕುಳಿತವನನ್ನು ಅದಕ್ಕಿಂತ ಖಿನ್ನತೆ ಹೆಚ್ಚು ಕಾಡುತ್ತಿತ್ತು. 6ನೇ ಶತಮಾನದ ಕೊನೆಗೆ ಪೋಪ್ ಗ್ರೆಗರಿಯು ಆ ಪಟ್ಟಿಯನ್ನು ತಿದ್ದಿ ಅಸೂಯೆಗೆ ಸ್ಥಾನ ಕೊಟ್ಟನು. ಅವನು ಮಠದಲ್ಲಿ ಬದುಕಿದವನು, ಅನೇಕರು ಒಂದೇ ಸೂರಿನಡಿ ಒಂದೇ ನಿಯಮಕ್ಕೆ ಒಳಪಟ್ಟು ಬಾಳುವಾಗ ಏನಾಗುತ್ತದೆಂಬುದನ್ನು ಕಣ್ಣಾರೆ ಕಂಡವನು. ಅಸೂಯೆಯ ಮಕ್ಕಳೆಂದು ಅವನು ಹೆಸರಿಸಿದ್ದು ದ್ವೇಷ, ಚಾಡಿ, ನಿಂದೆ, ನೆರೆಯವನ ಕಷ್ಟಕ್ಕೆ ಹಿಗ್ಗುವುದು ಮತ್ತು ಅವನ ಏಳಿಗೆಗೆ ಕುಗ್ಗುವುದು.

ಬೈಬಲಿನ ಕಥೆಗಳು ಇದಕ್ಕೆ ಸಾಲುಸಾಲಾಗಿ ಸಾಕ್ಷಿ ನುಡಿಯುತ್ತವೆ. ಕಾಯಿನನು ತಮ್ಮನಾದ ಹೇಬೆಲನನ್ನು ಕೊಂದದ್ದು, ಯಾಕೋಬನ ಮಕ್ಕಳು ಯೋಸೇಫನನ್ನು ಗುಲಾಮನಾಗಿ ಮಾರಿದ್ದು, ಹೆಂಗಸರ ಹಾಡಿನಲ್ಲಿ ದಾವೀದನ ಹೆಸರಿಗೆ ತನ್ನದಕ್ಕಿಂತ ಹೆಚ್ಚಿನ ಅಂಕಿ ಕೂಡಿತೆಂದು ಸೌಲರಾಜನು ಈಟಿ ಎಸೆದದ್ದು, ಇವೆಲ್ಲ ಒಂದೇ ಮನೆಯ ಅಥವಾ ಒಂದೇ ಅರಮನೆಯ ಒಳಗಿನ ಸಂಗತಿಗಳು. ಯೇಸುವನ್ನು ತನ್ನ ಕೈಗೆ ಒಪ್ಪಿಸಿದ್ದರ ಹಿಂದೆ ಯಾಜಕರ ಹೊಟ್ಟೆಕಿಚ್ಚಿತ್ತೆಂಬುದು ರೋಮಿನ ಅಧಿಪತಿ ಪಿಲಾತನಿಗೆ ತಿಳಿದಿತ್ತೆಂದು ಮತ್ತಾಯ ಮತ್ತು ಮಾರ್ಕರ ಸುವಾರ್ತೆಗಳು ಹೇಳುತ್ತವೆ. ಅಂದರೆ ಕ್ರೈಸ್ತ ವಿಶ್ವಾಸದ ನಡುಗಂಬವಾದ ಶಿಲುಬೆಯ ಕಥೆಯಲ್ಲಿಯೇ ಅಸೂಯೆಗೆ ಒಂದು ಪಾತ್ರವಿದೆ.

ಇವುಗಳಿಗಿಂತ ಹೆಚ್ಚು ಯೋಚನೆಗೆ ಹಚ್ಚುವುದು ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಬರುವ ದ್ರಾಕ್ಷಿತೋಟದ ಸಾಮತಿ. ತೋಟದ ಯಜಮಾನನೊಬ್ಬನು ಬೆಳಗಿನ ಜಾವ ಸಂತೆಬೀದಿಗೆ ಹೋಗಿ, ದಿನಕ್ಕೆ ಒಂದು ದೀನಾರಿಯೆಂದು ಮಾತಾಡಿ ಕೂಲಿಗಳನ್ನು ಕರೆತರುತ್ತಾನೆ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಹೊತ್ತು ಮುಳುಗಲು ಒಂದು ತಾಸು ಇರುವಾಗಲೂ ಹೋಗಿ ಇನ್ನಷ್ಟು ಜನರನ್ನು ಕರೆಯುತ್ತಾನೆ. ಸಂಜೆ ಬಟವಾಡೆಯಾಗುವಾಗ ಎಲ್ಲರಿಗೂ ಒಂದೊಂದೇ ದೀನಾರಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವರು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಪುಣೆಯ ಮಜೂರ ಅಡ್ಡೆಗಳಲ್ಲಿ ನಿಲ್ಲುವುದನ್ನು ಕಂಡವರಿಗೆ ಈ ಕಥೆಯ ಸನ್ನಿವೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನವಾದರೂ ಯಾರೂ ಕರೆಯದೆ ನಿಂತೇ ಇರುವವನ ಮನೆಯಲ್ಲಿಯೂ ಬೆಳಿಗ್ಗೆಯೇ ಕೆಲಸ ಸಿಕ್ಕವನ ಮನೆಯಲ್ಲಿರುವಷ್ಟೇ ಬಾಯಿಗಳಿರುತ್ತವೆ.

ದಿನವಿಡೀ ಬಿಸಿಲಿನಲ್ಲಿ ದುಡಿದವರು ಗೊಣಗುತ್ತಾರೆ, ಆ ಗೊಣಗು ಓದುಗನಿಗೆ ನ್ಯಾಯವೆಂದೇ ತೋರುತ್ತದೆ. ಆದರೆ ಕಥೆಯೊಳಗೆ ಒಂದು ಸೂಕ್ಷ್ಮವಿದೆ. ಯಜಮಾನನು ಕೊನೆಗೆ ಬಂದವರಿಂದ ಬಟವಾಡೆಯನ್ನು ಆರಂಭಿಸಲು ಹೇಳುತ್ತಾನೆ. ಮೊದಲು ಬಂದವರಿಗೇ ಮೊದಲು ಕೊಟ್ಟಿದ್ದರೆ ಅವರು ಒಪ್ಪಿದ ಕೂಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೋಷದಿಂದಲೇ ಮನೆ ಸೇರುತ್ತಿದ್ದರು, ಮಿಕ್ಕವರಿಗೆ ಎಷ್ಟು ಸಿಕ್ಕಿತೆಂಬುದು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಅವರ ಕೂಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಇನ್ನೊಬ್ಬನ ಕೈಯನ್ನು ನೋಡಿದ್ದರಿಂದ ತಮ್ಮ ಕೈಯಲ್ಲಿರುವುದು ಸಣ್ಣದಾಯಿತು. ಯಜಮಾನನ ಮರುಪ್ರಶ್ನೆಯೂ ಅವರ ಕಣ್ಣನ್ನು ಕುರಿತೇ ಇದೆ. ಇಟಲಿಯ ಕವಿ ದಾಂತೆಯು ಪರಲೋಕದ ಶುದ್ಧೀಕರಣದ ಬೆಟ್ಟವನ್ನು ವರ್ಣಿಸುವಾಗ ಅಸೂಯೆಗಾರರ ರೆಪ್ಪೆಗಳನ್ನು ಕಬ್ಬಿಣದ ತಂತಿಯಿಂದ ಹೊಲಿದಿಡುವ ಶಿಕ್ಷೆಯನ್ನು ಕಲ್ಪಿಸಿದ್ದು ಇದೇ ತಿಳಿವಳಿಕೆಯಿಂದ.

ಹಾಗಾದರೆ ಈ ಕಣ್ಣಿನ ಬೇನೆಗೆ ಮದ್ದೇನು? ಕ್ರೈಸ್ತ ಉತ್ತರವು ಇದ್ದುದರಲ್ಲಿ ತೃಪ್ತಿಪಡು ಎಂಬ ಸಾಮಾನ್ಯ ಬುದ್ಧಿವಾದಕ್ಕೆ ನಿಲ್ಲುವುದಿಲ್ಲ. ಮನುಷ್ಯನ ಬೆಲೆಯು ಅವನ ಸಾಧನೆಯಿಂದ ನಿರ್ಧಾರವಾಗದೆ ದೇವರ ಕೃಪೆಯಿಂದ, ಅಂದರೆ ಯೋಗ್ಯತೆಯನ್ನು ಲೆಕ್ಕಿಸದೆ ದೇವರು ತೋರುವ ಪ್ರೀತಿಯಿಂದ ನಿರ್ಧಾರವಾಗುತ್ತದೆ ಎಂಬುದು ಆ ವಿಶ್ವಾಸದ ತಳಹದಿ. ಯಾರಿಗೂ ಗಳಿಸಿ ಸಿಗದಂಥದು ಎಲ್ಲರಿಗೂ ಸಿಕ್ಕಿರುವಾಗ ಪಕ್ಕದವನ ಪಾಲನ್ನು ಅಳೆಯುವ ಕೋಲಿಗೆ ಕೆಲಸವಿಲ್ಲ. ಕೊರಿಂಥ ಪಟ್ಟಣದ ಸಭೆಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲನು ವಿಶ್ವಾಸಿಗಳನ್ನು ಒಂದೇ ದೇಹದ ಅಂಗಗಳೆಂದು ಕರೆದು, ಒಂದು ಅಂಗಕ್ಕಾದ ಗೌರವವು ಎಲ್ಲ ಅಂಗಗಳ ಸಂತೋಷವಾಗಬೇಕೆಂದನು. ರೋಮಿನವರಿಗೆ ಬರೆದದ್ದರಲ್ಲಿ ನಲಿಯುವವರೊಡನೆ ನಲಿಯುವುದನ್ನೂ ಅಳುವವರೊಡನೆ ಅಳುವುದನ್ನೂ ಜೊತೆಯಾಗಿಯೇ ವಿಧಿಸಿದನು. ಈ ಎರಡು ವಿಧಿಗಳಲ್ಲಿ ಯಾವುದು ಕಠಿಣವೆಂಬುದನ್ನು 4ನೇ ಶತಮಾನದ ಪ್ರಸಿದ್ಧ ಬೋಧಕ ಯೋಹಾನ ಕ್ರಿಸೋಸ್ತೊಮನು ವಿಚಾರಿಸಿ, ಅಳುವವರೊಡನೆ ಅಳಲು ಕಲ್ಲೆದೆಯವನಲ್ಲದ ಯಾರಿಗಾದರೂ ಸಾಧ್ಯ, ಆದರೆ ಇನ್ನೊಬ್ಬನು ಗೆದ್ದಾಗ ಅವನೊಡನೆ ನಲಿಯಲು ದೊಡ್ಡ ಮನಸ್ಸು ಬೇಕು ಎಂಬ ತೀರ್ಮಾನಕ್ಕೆ ಬಂದನು.

ಈ ಮಾತಿಗೆ ಪುಣೆಯ ಇತಿಹಾಸದಲ್ಲಿ ಒಂದು ಉದಾಹರಣೆ ಸಿಗುತ್ತದೆ, ಅದರ ಬೇರು ಕರ್ನಾಟಕದಲ್ಲಿದೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರ ತಂದೆ, ಕಾರ್ಕಳದ ಕಡೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆ, ತರುಣರಾಗಿ ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಕಂಡು, ತಮ್ಮ ಹೆಂಡತಿಗೂ ಕಲಿಸಬೇಕೆಂಬ ಹಟ ತೊಟ್ಟವರು. ಊರವರ ವಿರೋಧಕ್ಕೆ ಮಣಿಯದೆ ಕಾಡಿನಲ್ಲಿ ಆಶ್ರಮ ಕಟ್ಟಿ ಪತ್ನಿ ಲಕ್ಷ್ಮೀಬಾಯಿಗೆ ಶಾಸ್ತ್ರಾಭ್ಯಾಸ ಮಾಡಿಸಿದರು. ಕ್ಷಾಮದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡ ರಮಾಬಾಯಿ ಅಣ್ಣನೊಡನೆ ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಪಡೆದರು. ಮದುವೆಯಾದ ಎರಡೇ ವರ್ಷದೊಳಗೆ ವಿಧವೆಯಾಗಿ, ಕೈಗೂಸಾಗಿದ್ದ ಮಗಳು ಮನೋರಮೆಯೊಡನೆ 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

1883ರಲ್ಲಿ ಅವರು ಇಂಗ್ಲೆಂಡಿಗೆ ಹಡಗು ಹತ್ತಿದ್ದು ವೈದ್ಯಶಾಸ್ತ್ರ ಓದಲೆಂದು. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬಲ್ಲಿನ ಸನ್ಯಾಸಿನಿಯರ ಮಠದಲ್ಲಿದ್ದಾಗ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಆದರೆ ವೈದ್ಯರಾಗುವ ಆಸೆ ಈಡೇರಲಿಲ್ಲ. ಕಿವಿ ಮಂದವಾಗುತ್ತ ಬಂದುದರಿಂದ ಆ ಓದನ್ನು ಕೈಬಿಡಬೇಕಾಯಿತು. ಇದೇ ಹೊತ್ತಿನಲ್ಲಿ ಅವರ ದೂರದ ಸಂಬಂಧಿಯೂ ಅವರಿಗಿಂತ ಏಳು ವರ್ಷಕ್ಕೆ ಕಿರಿಯರೂ ಆದ ಆನಂದಿಬಾಯಿ ಜೋಶಿಯವರು, ತಾವು ಹಿಂದುವಾಗಿ ಹೋಗಿ ಹಿಂದುವಾಗಿಯೇ ಮರಳುವುದಾಗಿ ಬಂಗಾಳದ ಶ್ರೀರಾಮಪುರದಲ್ಲಿ ಬಹಿರಂಗವಾಗಿ ಸಾರಿ, ಅಮೆರಿಕಕ್ಕೆ ತೆರಳಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದ್ದರು. 1886ರ ಮಾರ್ಚ್ 11ರಂದು ಆನಂದಿಬಾಯಿಯವರಿಗೆ ವೈದ್ಯ ಪದವಿ ದೊರೆತ ಸಮಾರಂಭದಲ್ಲಿ ರಮಾಬಾಯಿ ಹಾಜರಿದ್ದರು. ಅದಕ್ಕಾಗಿಯೇ ಅವರು ಮಗಳನ್ನು ಕರೆದುಕೊಂಡು ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋಗಿದ್ದರು.

ಅಕ್ವೈನಾಸನು ಅಸೂಯೆಗೆ ಬೇಕೆಂದು ಹೇಳುವ ಎಲ್ಲ ಸಾಮಗ್ರಿಯೂ ಇಲ್ಲಿ ಕೂಡಿಬಂದಿತ್ತು: ಒಂದೇ ಕುಲ, ಒಂದೇ ಭಾಷೆ, ಸಮೀಪದ ವಯಸ್ಸು, ಒಂದೇ ಗುರಿ, ಅದರಲ್ಲಿ ಒಬ್ಬರ ಸೋಲು ಮತ್ತು ಇನ್ನೊಬ್ಬರ ಗೆಲುವು. ಮೇಲಾಗಿ ಧರ್ಮ ಬಿಟ್ಟವಳೆಂದು ಒಬ್ಬರನ್ನು ಪುಣೆ ಹಳಿಯುತ್ತಿತ್ತು, ಧರ್ಮ ಉಳಿಸಿಕೊಂಡವಳೆಂದು ಇನ್ನೊಬ್ಬರನ್ನು ಹೊಗಳಲು ಸಿದ್ಧವಾಗಿತ್ತು. ರಮಾಬಾಯಿಯವರ ಎದೆಯೊಳಗೆ ಏನಿತ್ತೆಂದು ನೂರ ನಲವತ್ತು ವರ್ಷಗಳ ನಂತರ ಹೇಳಹೊರಡುವುದು ಸಲ್ಲದು. ಒಂದು ನೋವು ಇದ್ದಿರಲೂಬಹುದು. ಆದರೆ ಕ್ರೈಸ್ತ ನೀತಿಶಾಸ್ತ್ರದ ದೃಷ್ಟಿಯಲ್ಲಿ ತೂಕವಿರುವುದು ಮನಸ್ಸಿನಲ್ಲಿ ಸುಳಿದುಹೋಗುವ ಭಾವಕ್ಕಲ್ಲ, ಅದರ ಮೇಲೆ ಇಚ್ಛೆಯು ಕೈಗೊಳ್ಳುವ ನಿರ್ಧಾರಕ್ಕೆ. ಅಕ್ವೈನಾಸನು ಅಸೂಯೆಗೆ ನೇರ ಎದುರಾಗಿ ಪ್ರೀತಿಯನ್ನು ನಿಲ್ಲಿಸಿದ್ದು, ಆ ಪ್ರೀತಿಯ ಗುರುತಾಗಿ ನೆರೆಯವರ ಒಳಿತಿನಲ್ಲಿ ಪಡುವ ಸಂತೋಷವನ್ನು ಹೇಳಿದ್ದು ಈ ಅರ್ಥದಲ್ಲಿ. ಕಡಲು ದಾಟುವುದೆಂಬುದು ನಿರ್ಧಾರವೇ ಹೊರತು ಭಾವವಲ್ಲ. ಆನಂದಿಬಾಯಿ ಕ್ಷಯದಿಂದ ನರಳುತ್ತ ತಾಯ್ನಾಡಿಗೆ ಮರಳಿ, ಕೊಲ್ಹಾಪುರದ ಆಸ್ಪತ್ರೆಯಲ್ಲಿ ಗೊತ್ತಾಗಿದ್ದ ಹುದ್ದೆಗೆ ಸೇರುವ ಮೊದಲೇ 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ರಮಾಬಾಯಿಯವರು ಅಮೆರಿಕದಲ್ಲಿಯೇ ಉಳಿದು, ಮೇಲ್ಜಾತಿಯ ಹಿಂದೂ ಹೆಂಗಸಿನ ಬಾಳನ್ನು ವಿವರಿಸುವ ಇಂಗ್ಲಿಷ್ ಪುಸ್ತಕವನ್ನು ಅದೇ ವರ್ಷ ಪ್ರಕಟಿಸಿದರು; ಅದಕ್ಕೆ ಮುನ್ನುಡಿ ಬರೆದವರು ಆನಂದಿಬಾಯಿ ಕಲಿತ ಕಾಲೇಜಿನ ಮುಖ್ಯಸ್ಥೆ ರೇಚಲ್ ಬಾಡ್ಲಿ. ಆ ಪುಸ್ತಕದ ಮೂಲಕ ಒದಗಿದ ಬೆಂಬಲದಿಂದ ವಿಧವೆಯರಿಗಾಗಿ ಶಾರದಾ ಸದನವು ಮುಂಬಯಿಯಲ್ಲಿ ಆರಂಭವಾದದ್ದು 1889ರ ಮಾರ್ಚ್ 11ರಂದು, ಆನಂದಿಬಾಯಿ ಪದವಿ ಪಡೆದ ಸರಿಯಾಗಿ ಮೂರು ವರ್ಷಕ್ಕೆ. ಮರುವರ್ಷ ಅದು ಪುಣೆಗೆ ಬಂತು.

ಇಂಥ ನಿರ್ಧಾರಕ್ಕೆ ಮನಸ್ಸನ್ನು ಹದಗೊಳಿಸಲು ಕ್ರೈಸ್ತ ಸಂಪ್ರದಾಯವು ಕೆಲವು ಅಭ್ಯಾಸಗಳನ್ನು ರೂಢಿಸಿದೆ. ಅವುಗಳಲ್ಲಿ ಹೆಚ್ಚು ಕ್ರಮಬದ್ಧವಾದದ್ದು ಯೇಸುಸಭೆಯ ಸ್ಥಾಪಕನಾದ ಲೊಯೋಲಾದ ಇಗ್ನೇಷಿಯಸನು ರೂಪಿಸಿದ ಆತ್ಮಪರಿಶೀಲನೆ. ಅವನ ಸಾಧನಾ ಕೈಪಿಡಿಗೆ ಪೋಪರ ಒಪ್ಪಿಗೆ ದೊರೆತು ಅದು ಅಚ್ಚಾದದ್ದು 1548ರಲ್ಲಿ. ಒಬ್ಬ ಸಾಧಕನು ಏಕಕಾಲಕ್ಕೆ ತನ್ನ ಎಲ್ಲ ದೋಷಗಳ ಮೇಲೂ ಯುದ್ಧ ಸಾರದೆ ಒಂದೇ ಒಂದನ್ನು, ಉದಾಹರಣೆಗೆ ಅಸೂಯೆಯನ್ನು, ಆರಿಸಿಕೊಳ್ಳಬೇಕು. ಬೆಳಿಗ್ಗೆ ಏಳುತ್ತಲೇ ಅದರ ಬಗ್ಗೆ ಎಚ್ಚರದಿಂದಿರುವ ಸಂಕಲ್ಪ ಮಾಡಬೇಕು. ಮಧ್ಯಾಹ್ನಕ್ಕೊಮ್ಮೆ ರಾತ್ರಿಗೊಮ್ಮೆ ಕುಳಿತು ಅದು ಎಷ್ಟು ಸಲ ತಲೆಯೆತ್ತಿತೆಂದು ಗಂಟೆಗಂಟೆಯ ಲೆಕ್ಕ ತೆಗೆದು, ಆ ದಿನಕ್ಕೆಂದು ಎಳೆದ ಗೆರೆಯ ಮೇಲೆ ಅಷ್ಟು ಚುಕ್ಕೆಗಳನ್ನಿಟ್ಟು, ನಿನ್ನೆಗೂ ಇಂದಿಗೂ, ಹೋದ ವಾರಕ್ಕೂ ಈ ವಾರಕ್ಕೂ ತಾಳೆ ನೋಡಬೇಕು. ಸೈನಿಕನಾಗಿದ್ದವನು ರೂಪಿಸಿದ ಕ್ರಮವೆಂಬುದು ಇದರಲ್ಲಿ ಎದ್ದು ಕಾಣುತ್ತದೆ. ಇದರ ಜಾಣತನವಿರುವುದು ಹೋಲಿಕೆಯ ಚಟವನ್ನು ಕಿತ್ತೆಸೆಯಲು ಹೋಗದೆ ಅದರ ಮುಖವನ್ನು ತಿರುಗಿಸುವುದರಲ್ಲಿ. ನೆರೆಯವನೊಡನೆ ತನ್ನನ್ನು ಹೋಲಿಸಿಕೊಳ್ಳುತ್ತಿದ್ದವನು ನಿನ್ನೆಯ ತನ್ನೊಡನೆ ಹೋಲಿಸಿಕೊಳ್ಳತೊಡಗುತ್ತಾನೆ.

ಪುಣೆಗೂ ಈ ಸಾಧನಾಕ್ರಮಕ್ಕೂ ನಂಟು ಗಾಢವಾದದ್ದು. ಪಾದ್ರಿಗಳಾಗುವವರನ್ನು ತಯಾರಿಸುವ ಪೇಪಲ್ ಸೆಮಿನರಿಯು 1955ರಲ್ಲಿ ಶ್ರೀಲಂಕಾದ ಕ್ಯಾಂಡಿಯಿಂದ ಇಲ್ಲಿಗೆ ಬಂತು. ಅದರ ನೆರೆಯಲ್ಲಿಯೇ ಇರುವ ಜ್ಞಾನದೀಪ ವಿದ್ಯಾಪೀಠ ಮತ್ತು ಯೇಸುಸಭೆಯವರ ಡಿ ನೊಬಿಲಿ ಕಾಲೇಜಿಗೆ ಓದಲು ಬರುವವರಲ್ಲಿ ಕರ್ನಾಟಕದ ತರುಣರೂ ಇರುತ್ತಾರೆ. ಕರ್ನಾಟಕಕ್ಕೆ ಪುಣೆಯು ಕ್ರೈಸ್ತ ಆಡಳಿತದಲ್ಲಿಯೂ ಹೊರಗಿನದಾಗಿರಲಿಲ್ಲ. 1886ರಲ್ಲಿ ಸ್ಥಾಪನೆಯಾದ ಪುಣೆ ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಬೆಳಗಾವಿಯು ಸ್ವತಂತ್ರ ಧರ್ಮಪ್ರಾಂತ್ಯವಾದದ್ದು 1953ರಲ್ಲಿ. ಒಂದೇ ವಯಸ್ಸಿನ, ಒಂದೇ ವ್ರತದ, ಒಂದೇ ಪಾಠದ ನೂರಾರು ತರುಣರು ಒಟ್ಟಿಗೆ ಬಾಳುವ ಇಂಥ ಸೆಮಿನರಿಗಳು, ಗ್ರೆಗರಿಯ ಮಠದಂತೆಯೇ, ಅಸೂಯೆಯನ್ನು ಅಭ್ಯಾಸ ಮಾಡಲು ತಕ್ಕ ಜಾಗಗಳು. ಹಣವಿಲ್ಲದ, ಸಂಸಾರವಿಲ್ಲದ ಕಡೆ ಹೋಲಿಕೆಯು ಅಂಕಪಟ್ಟಿಯನ್ನೋ ಹಾಡುವ ಕಂಠವನ್ನೋ ಮೇಲಿನವರ ಒಂದು ಮೆಚ್ಚುಗೆಯ ನೋಟವನ್ನೋ ಹಿಡಿದುಕೊಳ್ಳುತ್ತದೆ.

1970ರ ದಶಕದ ಆರಂಭದಲ್ಲಿ, ಮುಂಬಯಿಯಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ ಆಂಟನಿ ಡಿ ಮೆಲ್ಲೊ ಪುಣೆಯಲ್ಲಿ ಸಾಧನಾ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದು ಅನಂತರ ಲೋಣಾವಳೆಗೆ ಹೋಯಿತು. ಇಗ್ನೇಷಿಯಸನ ಪದ್ಧತಿಯಲ್ಲಿಯೇ ಪಳಗಿದ್ದ ಅವರು ಅದಕ್ಕೆ ಉಸಿರಿನ ಗಮನ, ಮೌನ, ದೇಹದ ಸಂವೇದನೆಗಳ ಅರಿವು ಮುಂತಾದ ಪೂರ್ವದೇಶಗಳ ಅಭ್ಯಾಸಗಳನ್ನು ಬೆಸೆದರು. ಅವರ ಬೋಧನೆಯ ತಿರುಳನ್ನು ಅಸೂಯೆಗೆ ಅನ್ವಯಿಸಿದರೆ, ಆ ಭಾವವನ್ನು ಹೊಡೆದಟ್ಟುವುದೂ ಬೇಡ, ಅದಕ್ಕಾಗಿ ತನ್ನನ್ನು ತಾನು ಬೈದುಕೊಳ್ಳುವುದೂ ಬೇಡ, ಅದು ಎದ್ದಾಗ ತಾನೇ ಅಸೂಯೆ ಎಂದು ತಿಳಿಯದೆ ತನ್ನೊಳಗೆ ಅಸೂಯೆ ಎದ್ದಿದೆಯೆಂದು ನೋಡಿದರೆ ಅದರ ಹಿಡಿತ ಸಡಿಲವಾಗುತ್ತದೆ ಎಂದಾಗುತ್ತದೆ. 1987ರಲ್ಲಿ ಅವರು ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆ, 1998ರಲ್ಲಿ, ಅವರ ಬರಹಗಳ ಕೆಲವು ಭಾಗಗಳು ಕಥೋಲಿಕ ವಿಶ್ವಾಸಕ್ಕೆ ಹೊಂದುವುದಿಲ್ಲವೆಂದು ವ್ಯಾಟಿಕನ್ ಎಚ್ಚರಿಕೆ ಹೊರಡಿಸಿತು. ಅದರ ತಾತ್ತ್ವಿಕ ಕಾರಣಗಳು ಬೇರೆಯವು. ಅಸೂಯೆಯ ಮಟ್ಟಿಗೆ ಮಾತ್ರ ಹೇಳುವುದಾದರೆ, ನೋಡುವುದು ಒಳ್ಳೆಯ ಆರಂಭವೇ ಆದರೂ ಅಷ್ಟಕ್ಕೇ ನಿಂತರೆ ಆ ನೆರೆಯವನು ಸಾಧಕನ ಮನಸ್ಸಿನೊಳಗಿನ ಒಂದು ಚಿತ್ರವಾಗಿಯೇ ಉಳಿದುಬಿಡುತ್ತಾನೆ. ಆದ್ದರಿಂದಲೇ ಹಳೆಯ ಬೋಧಕರು ಯಾರ ಮೇಲೆ ಹೊಟ್ಟೆಕಿಚ್ಚಿದೆಯೋ ಅವರ ಹೆಸರನ್ನು ಹಿಡಿದು ಪ್ರಾರ್ಥಿಸಬೇಕು, ಅವರಿಗೆ ಗುಟ್ಟಾಗಿಯಾದರೂ ಒಂದು ಉಪಕಾರ ಮಾಡಬೇಕು ಎಂದು ಒತ್ತಿ ಹೇಳುತ್ತ ಬಂದದ್ದು. ಪಾಪನಿವೇದನೆ, ಅಂದರೆ ಗುರುವಿನ ಮುಂದೆ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿ ಕ್ಷಮೆ ಪಡೆಯುವ ಸಂಸ್ಕಾರವೂ ಇದಕ್ಕೆ ನೆರವಾಗುತ್ತದೆ. ಕೋಪವನ್ನು ಒಪ್ಪಿಕೊಳ್ಳಲು ಜನ ಹಿಂಜರಿಯುವುದಿಲ್ಲ, ಕೆಲವರು ಹೆಮ್ಮೆಯನ್ನೂ ಪಡುತ್ತಾರೆ. ಹೊಟ್ಟೆಕಿಚ್ಚನ್ನು ಒಪ್ಪಿಕೊಳ್ಳುವುದೆಂದರೆ ತಾನು ಕಡಿಮೆಯೆಂದು ಒಪ್ಪಿದಂತಾಗುವುದರಿಂದ ನಾಲಿಗೆ ಏಳುವುದಿಲ್ಲ.

ಪುಣೆ ಜಿಲ್ಲೆಯ ಕೆಡಗಾಂವ್‌ನಲ್ಲಿ ಈ ಬಾಯಿಬಿಟ್ಟು ಹೇಳುವಿಕೆಯು ಗುಟ್ಟಿನ ಸಂಸ್ಕಾರವಾಗಿ ಉಳಿಯದೆ ಇಡೀ ಒಂದು ಸಮುದಾಯದ ಘಟನೆಯಾಯಿತು. ಶಾರದಾ ಸದನದಲ್ಲಿ ಮತಾಂತರ ನಡೆಯುತ್ತಿದೆಯೆಂಬ ಆರೋಪದ ಮೇಲೆ 1893ರಲ್ಲಿ ರಾನಡೆ, ಭಾಂಡಾರಕರರಂಥ ಸಮಾಜ ಸುಧಾರಕರು ಅದರ ಸಲಹಾ ಮಂಡಲಿಯಿಂದ ಹೊರನಡೆದ ಮೇಲೆ, ರಮಾಬಾಯಿ ಕೆಡಗಾಂವ್‌ನಲ್ಲಿ ಕೊಂಡಿದ್ದ ಜಮೀನು ಮುಕ್ತಿ ಸದನದ ನೆಲೆಯಾಯಿತು. 1896-97ರ ಮಧ್ಯಪ್ರಾಂತದ ಕ್ಷಾಮದಿಂದ ಸುಮಾರು ಮುನ್ನೂರು, 1900ರ ಗುಜರಾತಿನ ಕ್ಷಾಮದಿಂದ ಇನ್ನೂ ಬಹಳಷ್ಟು ಹೆಣ್ಣುಮಕ್ಕಳನ್ನು ಕರೆತಂದಾಗ ಅಲ್ಲಿಯ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು. ಬೇರೆಬೇರೆ ಜಾತಿ, ಬೇರೆಬೇರೆ ಭಾಷೆ, ಹಸಿವನ್ನು ಕಂಡುಬಂದ ಹೊಟ್ಟೆಗಳು. ಒಂದೇ ಪಂಕ್ತಿ, ಒಂದೇ ಬಗೆಯ ಸೀರೆ, ಒಬ್ಬರೇ ತಾಯಿ. ಹಾಸ್ಟೆಲಿನಲ್ಲಿ ಬೆಳೆದವರಾರಿಗೂ ಅಲ್ಲಿ ಎಂಥ ಜಗಳಗಳು ನಡೆದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

1905ರ ಜನವರಿಯಲ್ಲಿ ರಮಾಬಾಯಿ ಸುಮಾರು ಎಪ್ಪತ್ತು ಹೆಂಗಸರ ಪ್ರಾರ್ಥನಾಕೂಟವೊಂದನ್ನು ಆರಂಭಿಸಿದರು. ಜೂನ್ ಹೊತ್ತಿಗೆ ದಿನಕ್ಕೆರಡು ಸಲ ಐನೂರಕ್ಕೂ ಹೆಚ್ಚು ಮಂದಿ ಸೇರತೊಡಗಿದರು. ಜೂನ್ 30ರಂದು ಅವರು ಯೋಹಾನನ ಸುವಾರ್ತೆಯ 8ನೇ ಅಧ್ಯಾಯವನ್ನು ಬೋಧಿಸುತ್ತಿದ್ದಾಗ ಹುಡುಗಿಯರು ಅಳುತ್ತ, ತಮ್ಮ ತಪ್ಪುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಪ್ರಾರ್ಥಿಸಲಾರಂಭಿಸಿದ್ದರಿಂದ ಪಾಠ ಅಲ್ಲಿಗೇ ನಿಂತಿತು. ಉಜ್ಜೀವನ, ಅಂದರೆ ವಿಶ್ವಾಸವು ಸಮುದಾಯದಲ್ಲಿ ಒಮ್ಮೆಲೇ ಹೊಸ ಉಸಿರು ಪಡೆಯುವುದು, ಎಂದು ಕರೆಯಲಾದ ಈ ಘಟನೆಯು ತಿಂಗಳುಗಟ್ಟಲೆ ಮುಂದುವರಿಯಿತು.

ಇಲ್ಲಿ ಕುತೂಹಲದ ತಿರುವೊಂದಿದೆ. ಅಸೂಯೆಯನ್ನು ಕಳೆಯಬಲ್ಲ ಭಕ್ತಿಯೇ ಹೊಸ ಅಸೂಯೆಗೂ ಎಡೆಮಾಡಬಹುದು. ಮುಕ್ತಿಯಲ್ಲಿ ಕೆಲವರು ತಮಗೆ ಗೊತ್ತಿಲ್ಲದ ಭಾಷೆಗಳಲ್ಲಿ ಪ್ರಾರ್ಥಿಸತೊಡಗಿದರು. ಅನ್ಯಭಾಷೆಗಳ ವರವೆಂದು ಕರೆಯಲಾಗುವ ಇದನ್ನು ಪವಿತ್ರಾತ್ಮನು ಇಳಿದುಬಂದುದರ ಗುರುತೆಂದು ಭಾವಿಸಲಾಗುತ್ತದೆ. ಒಬ್ಬಳಿಗೆ ಬಂದ ವರ ಪಕ್ಕದಲ್ಲಿಯೇ ಮಂಡಿಯೂರಿದ್ದವಳಿಗೆ ಬಾರದಿದ್ದರೆ? ಕೊರಿಂಥದ ಸಭೆಯನ್ನು ಪೌಲನ ಕಾಲದಲ್ಲಿ ಒಡೆದಿದ್ದ ಜಗಳಗಳಲ್ಲಿ ಇದೂ ಒಂದು. ಅವನು ದೇಹ ಮತ್ತು ಅಂಗಗಳ ಉಪಮೆಯನ್ನು ಹೇಳಿದ್ದೂ, ಅದರ ಬೆನ್ನಿಗೇ ಪ್ರೀತಿಯು ಹೊಟ್ಟೆಕಿಚ್ಚು ಪಡದೆಂಬ ಪ್ರಸಿದ್ಧ ಅಧ್ಯಾಯವನ್ನು ಬರೆದದ್ದೂ ವರಗಳ ಮೇಲಾಟದಲ್ಲಿ ಮುಳುಗಿದ್ದ ಆ ಸಭೆಗೇ. 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಆರಂಭವಾದ ಪೆಂತೆಕೋಸ್ತ ಚಳವಳಿಯ ಅನೇಕರು ಅನ್ಯಭಾಷೆಯು ಬಾರದಿದ್ದರೆ ಆತ್ಮನೂ ಬಂದಿಲ್ಲವೆಂದು ವಾದಿಸಿದರು. ರಮಾಬಾಯಿ ತಮ್ಮ ಪತ್ರಿಕೆಯಾದ ಮುಕ್ತಿ ಪ್ರೇಯರ್ ಬೆಲ್‌ನಲ್ಲಿ ಅದನ್ನು ಒಂದು ಗುರುತೆಂದು ಒಪ್ಪಿದರೂ ಎಲ್ಲರಿಗೂ ಇರಲೇಬೇಕಾದ ಏಕೈಕ ಗುರುತೆಂದು ಒಪ್ಪಲಿಲ್ಲ. ಅವರ ಸಹೋದ್ಯೋಗಿ ಮಿನ್ನಿ ಏಬ್ರಾಮ್ಸ್ 1906ರಲ್ಲಿ ಈ ಉಜ್ಜೀವನದ ಬಗ್ಗೆ ಬರೆದ ಪುಸ್ತಕವು ಹಳೆಯ ಗೆಳತಿಯೊಬ್ಬರ ಮೂಲಕ ದಕ್ಷಿಣ ಅಮೆರಿಕದ ಚಿಲಿಯನ್ನು ತಲುಪಿ ಅಲ್ಲಿಯ ಪೆಂತೆಕೋಸ್ತ ಸಭೆಗಳ ಹುಟ್ಟಿಗೆ ಪ್ರೇರಣೆಯಾಯಿತು. ಎಲ್ಲರಿಗೂ ಒಂದೇ ಪದಕವೆಂಬ ನಿಯಮವನ್ನು ಮಾಡದೆ ಹೋದದ್ದು ಎರಡು ಸಾವಿರ ಮಂದಿಯ ಆ ಮನೆಯನ್ನು ಕೊರಿಂಥದ ದಾರಿಯಿಂದ ತಪ್ಪಿಸಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಅಸೂಯೆಯ ಈ ಬೋಧನೆಗೆ ಒಂದು ಅಪಾಯವೂ ಇದೆ, ಧರ್ಮಬೋಧಕರು ಅದನ್ನು ಯಾವಾಗಲೂ ನೆನೆಯುವುದಿಲ್ಲ. ಅನ್ಯಾಯವನ್ನು ಎತ್ತಿ ಆಡುವವರ ಬಾಯಿಗೆ ಹೊಟ್ಟೆಕಿಚ್ಚೆಂಬ ಬೀಗ ಹಾಕುವುದು ಸುಲಭ. ಕೂಲಿ ಹೆಚ್ಚಿಸಿರೆಂದವನಿಗೆ, ಆಸ್ತಿಯಲ್ಲಿ ಪಾಲು ಕೇಳಿದ ಮಗಳಿಗೆ, ಸಭೆಯ ಆಡಳಿತದಲ್ಲಿ ಸ್ಥಾನ ಕೇಳಿದ ದಲಿತ ವಿಶ್ವಾಸಿಗೆ ಇಂಥ ಉಪದೇಶ ಕೇಳಿಬರುವುದುಂಟು. ಹೊಸ ಒಡಂಬಡಿಕೆಯ ಯಾಕೋಬನ ಪತ್ರವು ಈ ಗೊಂದಲಕ್ಕೆ ಎಡೆಗೊಡುವುದಿಲ್ಲ. ಹೊಟ್ಟೆಕಿಚ್ಚು ಇರುವಲ್ಲಿ ಎಲ್ಲ ಬಗೆಯ ನೀಚತನವೂ ಇರುತ್ತದೆಂದು 3ನೇ ಅಧ್ಯಾಯದಲ್ಲಿ ಎಚ್ಚರಿಸುವ ಅದೇ ಪತ್ರ, 5ನೇ ಅಧ್ಯಾಯದಲ್ಲಿ ಪೈರು ಕೊಯ್ದವರ ಕೂಲಿಯನ್ನು ಹಿಡಿದಿಟ್ಟ ಧಣಿಗಳ ಮೇಲೆ ಹರಿಹಾಯುತ್ತದೆ. ಒಪ್ಪಿದ ಕೂಲಿ ಸಿಗದವನ ಮೊರೆಗೂ, ಒಪ್ಪಿದ್ದು ಸಿಕ್ಕ ಮೇಲೆ ಇನ್ನೊಬ್ಬನಿಗೆ ಸಿಕ್ಕದ್ದನ್ನು ಕಂಡು ಮೊರೆಯುವವನ ಗೊಣಗಿಗೂ ಇರುವ ಅಂತರ ಇದು. ತಲೆ ಬೋಳಿಸಿ ಮೂಲೆಗೆ ತಳ್ಳಿದ ಬಾಲವಿಧವೆಯು ಮುತ್ತೈದೆಯರ ಬಾಳನ್ನು ಕಂಡು ನಿಟ್ಟುಸಿರಿಟ್ಟರೆ ಅದನ್ನು ಅಸೂಯೆಯ ಪಟ್ಟಿಗೆ ಸೇರಿಸುವ ಗೋಜಿಗೆ ರಮಾಬಾಯಿ ಹೋಗಲಿಲ್ಲ. ಅವಳಿಗೆ ಪಾಠ, ನೇಯ್ಗೆ, ಮುದ್ರಣದಂಥ ಕೆಲಸಗಳನ್ನು ಕಲಿಸಲು ಹೊರಟರು.

ಸಂಸ್ಥೆಗಳ ನಡುವೆಯೂ ಪೈಪೋಟಿ ಇರುತ್ತದೆ, ಅದರ ಬೆರಕೆಯೂ ಸುಲಭವಾಗಿ ಬಿಡಿಸಲಾಗದ್ದು. ಸೆರೆಯಲ್ಲಿದ್ದ ಪೌಲನು ಫಿಲಿಪ್ಪಿಯವರಿಗೆ ಬರೆಯುತ್ತ, ಕೆಲವರು ತನ್ನ ಮೇಲಿನ ಹೊಟ್ಟೆಕಿಚ್ಚಿನಿಂದಲೇ ಕ್ರಿಸ್ತನನ್ನು ಸಾರುತ್ತಿದ್ದಾರೆ, ಆದರೂ ಸಾರಿದರಲ್ಲಾ ಎಂಬುದಕ್ಕೆ ತನಗೆ ಸಂತೋಷವಿದೆ ಎಂಬರ್ಥದ ಮಾತು ಹೇಳುತ್ತಾನೆ. ಪುಣೆಯ ಮಟ್ಟಿಗೆ, ಶಾರದಾ ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದುಬಾಯಿಯವರನ್ನು 1893ರಲ್ಲಿ ಮದುವೆಯಾದ ಧೋಂಡೊ ಕೇಶವ ಕರ್ವೆಯವರು 1896ರಲ್ಲಿ ಹಿಂದೂ ವಿಧವೆಯರಿಗಾಗಿ ಬೇರೊಂದು ಆಶ್ರಮವನ್ನು ಆರಂಭಿಸಿದರು. ಮಕ್ಕಳನ್ನು ಕ್ರೈಸ್ತರ ಮನೆಗೆ ಕಳಿಸಲು ಅಂಜುತ್ತಿದ್ದ ಕುಟುಂಬಗಳಿಗೆ ಅದೊಂದು ಬೇರೆ ದಾರಿಯಾಯಿತು; ಹಿಂಗಣೆಯಲ್ಲಿ ನೆಲೆನಿಂತ ಆ ಆಶ್ರಮದಿಂದ ಬೆಳೆದು 1916ರಲ್ಲಿ ದೇಶದ ಮೊದಲ ಮಹಿಳಾ ವಿಶ್ವವಿದ್ಯಾಲಯ ಹುಟ್ಟಿತು. ಗೋದುಬಾಯಿಯವರ ತಂಗಿ, ತಾವೂ ವಿಧವೆಯಾಗಿದ್ದ ಪಾರ್ವತಿಬಾಯಿ ಆಠವಲೆ, ಹಿಂಗಣೆಯ ಆಶ್ರಮಕ್ಕಾಗಿ ಚಂದಾ ಎತ್ತುತ್ತ ಊರೂರು ತಿರುಗಿ 1918ರಲ್ಲಿ ಅಮೆರಿಕದವರೆಗೂ ಹೋದರು. ಅದಕ್ಕೆ ಕೆಲವೇ ವರ್ಷಗಳ ಮೊದಲು ಕೆಡಗಾಂವ್‌ನವರು ಆಗ ನಿಜಾಮರ ಸೀಮೆಯಲ್ಲಿದ್ದ ಗುಲಬರ್ಗಕ್ಕೆ ಬಂದು ಶಾಲೆಯೊಂದನ್ನು ತೆರೆದಿದ್ದರು. ಅದರ ಹೊಣೆ ಹೊತ್ತವರು ರಮಾಬಾಯಿಯವರ ಮಗಳು ಮನೋರಮಾಬಾಯಿ.